ಕಸಿ ಹಿಡಿಯದ ಸಸಿಯಿಂದ ಬಂದ ಹಾಸ್ ಬೆಣ್ಣೆಹಣ್ಣು

ಚನ್ನಗಿರಿಯ ಅಡಿಕೆ ಸೀಮೆಯನ್ನು ಬಿಟ್ಟು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನನಗೆ ಊರಿನ ಬಂಧುಗಳಿಂದ ಈಚೆಗೆ ಒಂದೇ ಬೇಡಿಕೆ ಬರುತ್ತಿದೆ: ರಜೆಗೆ ಬರುವಾಗ ಹಾಸ್ ಎಂಬ ತಳಿಯ ಬೆಣ್ಣೆಹಣ್ಣಿನ ಬೀಜ ತರಬೇಕಂತೆ, ಅಡಿಕೆ ಸಾಲಿನ ನಡುವೆ ಹಾಕುತ್ತಾರಂತೆ. ಗಿಡ, ಬೀಜಗಳನ್ನು ಅನುಮತಿಯಿಲ್ಲದೆ ಗಡಿ ದಾಟಿಸುವಂತಿಲ್ಲ ಎಂಬುದು ಹಾಗಿರಲಿ, ಹಾಸ್ ಬೀಜ ನೆಟ್ಟರೆ ಹಾಸ್ ಹಣ್ಣು ಬರುವುದೇ ಇಲ್ಲ. ಬೆಣ್ಣೆಹಣ್ಣಿನ ಹೂವು ಮೊದಲ ಸಲ ಹೆಣ್ಣಾಗಿ ಅರಳಿ, ಮುಚ್ಚಿಕೊಂಡು, ಮರುದಿನ ಗಂಡಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಬೇರೆ ಮರದ ಪರಾಗ ಬೆರೆಯುವುದು ಸುಲಭ, ಬೀಜದಿಂದ ಎದ್ದ ಸಸಿಗಳಲ್ಲಿ ಒಂದರ ಗುಣ ಇನ್ನೊಂದಕ್ಕಿರುವುದಿಲ್ಲ.

ಹಾಸ್ ತಳಿ ಹುಟ್ಟಿದ್ದೂ ಹೀಗೆಯೇ. 1892ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದ ರುಡಾಲ್ಫ್ ಹಾಸ್ ಪಸಡೀನಾದಲ್ಲಿ ಅಂಚೆ ಹಂಚುತ್ತಿದ್ದವರು. 1920ರ ದಶಕದ ನಡುವೆ ಅವರು ಲಾ ಹಾಬ್ರಾ ಹೈಟ್ಸ್‌ನಲ್ಲಿ ಒಂದೂವರೆ ಎಕರೆಯಷ್ಟು ತೋಟ ಕೊಂಡು, ವಿಟಿಯರ್‌ನ ರೈಡೌಟ್ ಎಂಬ ಸಸಿ ವ್ಯಾಪಾರಿಯಿಂದ ಬೀಜ ತಂದು ನೆಟ್ಟರು. ಅವರಿಗೆ ಬೇಕಿದ್ದದ್ದು ಆಗಿನ ಪ್ರಸಿದ್ಧ ತಳಿಯಾದ ಫುಯೆರ್ಟೆ. ಬೀಜದ ಸಸಿಗಳು ಅದರ ಕುಡಿಯನ್ನು ಕಸಿ ಕಟ್ಟಲು ಬೇರುಗಿಡಗಳಾಗಿದ್ದವು, ಅಷ್ಟೇ. ಒಂದು ಸಸಿ ಮಾತ್ರ ಎಷ್ಟು ಸಲ ಕಟ್ಟಿದರೂ ಕಸಿ ಹಿಡಿಯಲಿಲ್ಲ. ಕಸಿ ಕಟ್ಟುವವರ ಸಲಹೆಯಂತೆ ಅದನ್ನು ಕಡಿಯದೆ ಹಾಗೇ ಬಿಟ್ಟರು. ಅದರ ಹಣ್ಣು ಒರಟು ಸಿಪ್ಪೆಯದು, ಮಾಗಿದರೆ ಕಪ್ಪಾಗುವಂಥದ್ದು. ಹಸಿರು ಹಣ್ಣಿಗೆ ಒಗ್ಗಿದ್ದ ಪೇಟೆಯವರಿಗೆ ಕೊಳೆತದ್ದೆಂದೇ ಕಾಣುವಂತಿತ್ತು. ಹಾಸ್ ಅವರ ಮಕ್ಕಳು ಮಾತ್ರ ಫುಯೆರ್ಟೆಗಿಂತ ಇದೇ ರುಚಿ ಎಂದರು. ಹೀಗಿರುವಾಗ ಹಾಸ್ ಅವರನ್ನು ತಳಿ ಸಂಶೋಧಕರೆಂದು ಕರೆಯುವುದು ನನಗೆ ಸ್ವಲ್ಪ ಅತಿಯೆನಿಸುತ್ತದೆ. ಆದರೆ ಇಟ್ಟುಕೊಂಡ ಮರದ ಬೆಲೆ ಅವರಿಗೆ ಬೇಗನೆ ತಿಳಿಯಿತೆಂಬುದರಲ್ಲಿ ಅನುಮಾನವಿಲ್ಲ.

1935ರಲ್ಲಿ ಅವರು ಮರಕ್ಕೆ ಪೇಟೆಂಟ್ ಪಡೆದು, ವಿಟಿಯರ್‌ನ ಹೆರಾಲ್ಡ್ ಬ್ರೋಕಾ ಎಂಬ ನರ್ಸರಿಯವರೊಂದಿಗೆ ಸಸಿ ಮಾರುವ ಒಪ್ಪಂದ ಮಾಡಿಕೊಂಡರು. ದಪ್ಪ ಸಿಪ್ಪೆಯಿಂದಾಗಿ ದೂರದ ಸಾಗಣೆಯನ್ನು ತಾಳುವ, ಇಳುವರಿ ಹೆಚ್ಚಿರುವ, ಮರದಲ್ಲಿ ಬಹಳ ಕಾಲ ನಿಲ್ಲುವ ಈ ಹಣ್ಣು ಮುಂದೆ ಫುಯೆರ್ಟೆಯನ್ನು ಪೇಟೆಯಿಂದಲೇ ಹೊರದೂಡಿತು. ಹಣ ಮಾತ್ರ ಹಾಸ್ ಅವರ ಕೈಸೇರಲಿಲ್ಲ. ಬೆಳೆಗಾರರು ಒಂದು ಸಸಿ ಕೊಂಡು, ಅದರ ಕುಡಿಯಿಂದ ಇಡೀ ತೋಟಕ್ಕೇ ತಾವೇ ಕಸಿ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಕಡೆಯವರೂ ಅದನ್ನೇ ಮಾಡುತ್ತಿದ್ದರು ಎಂಬುದನ್ನು ಸಂಕೋಚವಿಲ್ಲದೆ ಹೇಳಬಹುದು. ಪೇಟೆಂಟ್‌ನಿಂದ ಅವರಿಗೆ ಒಟ್ಟಾರೆ ಸಿಕ್ಕಿದ್ದು ಸುಮಾರು 5,000 ಡಾಲರ್. ಅಂಚೆ ಕೆಲಸ ಬಿಡಲಾಗಲಿಲ್ಲ. 1952ರಲ್ಲಿ ಪೇಟೆಂಟ್ ಅವಧಿ ಮುಗಿಯಿತು, ಅದೇ ವರ್ಷ ಅವರೂ ತೀರಿಕೊಂಡರು. ತಾಯಿ ಮರ ಬೇರುಕೊಳೆ ರೋಗಕ್ಕೆ ತುತ್ತಾಗಿ, 2002ರಲ್ಲಿ ಅದನ್ನು ಕಡಿಯಬೇಕಾಯಿತು. ಆ ರೋಗವನ್ನು ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ನಮ್ಮ ಅಡಿಕೆಗೆ ಕೊಳೆರೋಗ ತರುವ ಜೀವಿಯ ಕುಲದ್ದೇ.

ತುಮಕೂರು ಜಿಲ್ಲೆಯ ಚೇಳೂರಿನ ಸಿದ್ದು ಎಂಬ ಹಲಸಿನ ತಳಿಯ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದೂ ರೈತರೊಬ್ಬರ ಜಮೀನಿನಲ್ಲಿದ್ದ ಒಂಟಿ ಮರವೇ. ಆದರೆ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಒಪ್ಪಂದದ ಮೂಲಕ ಕಸಿ ಸಸಿಗಳನ್ನು ಬೆಳೆಸಿ, ಮಾರಾಟದ ಹಣದ ಹೆಚ್ಚಿನ ಪಾಲು ಆ ಕುಟುಂಬಕ್ಕೇ ಸಲ್ಲುವಂತೆ ಏರ್ಪಾಟು ಮಾಡಿತು. ಹಾಸ್ ಅವರಿಗೆ ದಕ್ಕದೆ ಹೋದದ್ದು ಇಂಥದೊಂದು ಏರ್ಪಾಟೇ.

ಬೀಜ ಕೇಳಿದ ಬಂಧುಗಳಿಗೆ ನಾನು ಬರೆದ ಉತ್ತರ ಚಿಕ್ಕದು: ಕೊಡಗಿನ ಚೆಟ್ಟಳ್ಳಿಯಲ್ಲಿ ಅದೇ ಸಂಸ್ಥೆಯ ಪ್ರಯೋಗ ಕೇಂದ್ರವಿದೆ, ಬೆಣ್ಣೆಹಣ್ಣಿನ ಕಸಿ ಸಸಿಯ ಬಗ್ಗೆ ಅಲ್ಲಿ ವಿಚಾರಿಸಿ, ಅಡಿಕೆಗೆ ಬಿಟ್ಟ ನೀರು ನಿಲ್ಲುವ ತಗ್ಗಿನಲ್ಲಿ ಮಾತ್ರ ನೆಡಬೇಡಿ, ಬೇರು ಕೊಳೆಯುತ್ತದೆ.