ದುಡ್ಡು ಕೊಟ್ಟ ಮೇಲೂ ನಮ್ಮದಾಗದ ಪ್ಲೇಸ್ಟೇಷನ್

ಸೋನಿಯ ಪ್ಲೇಸ್ಟೇಷನ್ ಗೇಮ್‌ಗಳ ಬಗ್ಗೆ ನನಗೆ ಈಗಲೂ ತಕರಾರಿಲ್ಲ. ಚೆನ್ನಾಗೇ ಮಾಡುತ್ತಾರೆ. ಬೇಸರ ಬಂದಿರುವುದು ಅವರ ವ್ಯಾಪಾರದ ರೀತಿಗೆ. ಮಾರಿದ ಮೇಲೂ ವಸ್ತು ತಮ್ಮದೇ ಅನ್ನೋ ಹಾಗೆ ಆಡುತ್ತಾರಲ್ಲ, ಅದಕ್ಕೆ.

2013ರ ಜೂನ್ ನೆನಪಿದೆಯಾ? ಮೈಕ್ರೋಸಾಫ್ಟ್ ತನ್ನ ಗೇಮ್ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಗೇಮ್‌ಗಳಿಗೆ ಕಡಿವಾಣ ಹಾಕಲು ಹೊರಟು ಎಲ್ಲರ ಕೈಲಿ ಬೈಸಿಕೊಳ್ಳುತ್ತಿತ್ತು. ಸಮಯ ನೋಡಿ ಸೋನಿ ಒಂದು ಪುಟ್ಟ ವಿಡಿಯೋ ಬಿಟ್ಟಿತು, ತನ್ನ ಪ್ಲೇಸ್ಟೇಷನ್ 4ನಲ್ಲಿ (ಪಿಎಸ್4) ಗೇಮ್ ಹಂಚಿಕೊಳ್ಳುವುದು ಹೇಗೆ ಅಂತ. ಒಬ್ಬ ಗೇಮ್ ಡಬ್ಬಿಯನ್ನು ಪಕ್ಕದವನ ಕೈಗೆ ಕೊಡುತ್ತಾನೆ. ಅವನು ಥ್ಯಾಂಕ್ಸ್ ಅನ್ನುತ್ತಾನೆ. ಅಷ್ಟೇ, ಮುಗೀತು. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಪಿಎಸ್3ನಲ್ಲಿ ಪುಕ್ಕಟೆ ಇದ್ದ ಆನ್‌ಲೈನ್ ಮಲ್ಟಿಪ್ಲೇಯರ್‌ಗೆ ಪಿಎಸ್4ನಲ್ಲಿ ಚಂದಾ ಕಟ್ಟಬೇಕು ಅನ್ನೋದೂ ಆಗಲೇ ಹೊರಬಿದ್ದಿತ್ತು, ಆದರೆ ಆ ಚಪ್ಪಾಳೆ ಗಲಾಟೆಯಲ್ಲಿ ಅದನ್ನು ಕಿವಿಗೆ ಹಾಕಿಕೊಂಡವರು ಕಡಿಮೆ.

ಅದೇ ಕಂಪನಿ 2024ರ ನವೆಂಬರ್‌ನಲ್ಲಿ ಪಿಎಸ್5 ಪ್ರೋ ಬಿಟ್ಟಿತು. ಆಗ ಅಮೆರಿಕದಲ್ಲಿ ಬೆಲೆ 699.99 ಡಾಲರ್ ಇತ್ತು. ಡಿಸ್ಕ್ ಡ್ರೈವ್ ಇಲ್ಲ! ಬೇಕಿದ್ದರೆ ಇನ್ನೂ 79.99 ಡಾಲರ್ ಕೊಟ್ಟು ಬೇರೆ ತಗೋಬೇಕಿತ್ತು. ನೆಟ್ಟಗೆ ನಿಲ್ಲಿಸೋ ಸ್ಟ್ಯಾಂಡ್‌ಗೂ ಬೇರೆ ದುಡ್ಡು. ಹೋಗಲಿ, ಡ್ರೈವ್ ತಂದು ಸಿಕ್ಕಿಸಿದರೆ ಕೆಲಸ ಮಾಡುತ್ತಾ? ಇಲ್ಲ, ಮೊದಲ ಸಲ ಇಂಟರ್ನೆಟ್‌ಗೆ ಕನೆಕ್ಟ್ ಮಾಡಿ ಅದನ್ನು ರಿಜಿಸ್ಟರ್ ಮಾಡಬೇಕು.

ನಮ್ಮ ಕಡೆಯವರಿಗೆ ಡಿಸ್ಕ್ ಅಂದರೆ ಬರೀ ಹಳೇ ಅಭ್ಯಾಸ ಅಲ್ಲ. 2021ರ ಫೆಬ್ರವರಿಯಲ್ಲಿ ಇಂಡಿಯಾಗೆ ಬಂದಾಗ ಪಿಎಸ್5 ಬೆಲೆ 49,990 ರೂಪಾಯಿ, ಮರುವರ್ಷದ ಕೊನೆಗೆ 54,990. ಮುಂಚೆ ಕನ್ಸೋಲ್ ಹಳೇದಾದಂತೆ ರೇಟ್ ಇಳಿಯುತ್ತಿತ್ತು, ಈಗ ಏರುತ್ತೆ. ಪಿಎಸ್5 ಬಂದಾಗಲೇ ಹೊಸ ಗೇಮ್ ಒಂದಕ್ಕೆ 4,999 ರೂಪಾಯಿವರೆಗೂ ಇತ್ತು. ಆಡಿ ಮುಗಿಸಿ, ಡಿಸ್ಕ್ ಮಾರಿ, ಅದಕ್ಕೆ ಸ್ವಲ್ಪ ಸೇರಿಸಿ ಮುಂದಿನದು ತಗೊಳ್ಳೋದು, ಬೆಂಗಳೂರಲ್ಲಿ ಸಂಬಳದ ಮೇಲೆ ಬದುಕುವ ಎಷ್ಟೋ ಜನ ಗೇಮ್ ಆಡೋದೇ ಹೀಗೆ. ಡೌನ್‌ಲೋಡ್ ಮಾಡೋ ಡಿಜಿಟಲ್ ಗೇಮ್ ಆದರೆ ಮಾರೋ ಹಾಗಿಲ್ಲ, ತಮ್ಮನಿಗೆ ಕೊಟ್ಟು ಬಿಡೋ ಹಾಗೂ ಇಲ್ಲ.

ಇಟ್ಟುಕೊಳ್ಳೋಣ ಅಂದರೆ ಅದಕ್ಕೂ ಗ್ಯಾರಂಟಿ ಇಲ್ಲ. 2023ರ ಡಿಸೆಂಬರ್‌ನಲ್ಲಿ ಸೋನಿ ಒಂದು ನೋಟಿಸ್ ಹಾಕಿತ್ತು: ಡಿಸ್ಕವರಿ ಕಾರ್ಯಕ್ರಮಗಳನ್ನು ನೀವು ಕೊಂಡಿದ್ದರೂ ಲೈಬ್ರರಿಯಿಂದ ತೆಗೆಯುತ್ತೇವೆ, ಲೈಸೆನ್ಸ್ ವ್ಯವಹಾರ ಅಂತ. ಬಾಡಿಗೆಗೆ ತಗೊಂಡಿದ್ದಲ್ಲ ಸ್ವಾಮಿ, ಕೊಂಡಿದ್ದು. ಜನ ರೇಗಿದರು, ಕೆಲವೇ ವಾರಗಳಲ್ಲಿ ಹೊಸ ಒಪ್ಪಂದ ಆಯಿತು, ಆ ಸಲ ಉಳೀತು. 2021ರಲ್ಲೂ ಇದೇ ಕಥೆ. ಪಿಎಸ್3ರ ಮತ್ತು ಕೈಲಿ ಹಿಡಿದು ಆಡೋ ವೀಟಾದ ಆನ್‌ಲೈನ್ ಸ್ಟೋರ್ ಮುಚ್ಚುತ್ತೇವೆ ಅಂದರು, ಬೈಗುಳ ತಿಂದ ಮೇಲೆ ತಪ್ಪು ನಿರ್ಧಾರ ಅಂತ ಒಪ್ಪಿಕೊಂಡರು. ಪ್ರತಿ ಸಲ ನಾವು ಬಾಯಿ ಬಡ್ಕೋಬೇಕಾ?

ಬಡ್ಕೊಂಡರೂ ಕೇಳದ ಉದಾಹರಣೆ ಇದೆ. ಪಿಎಸ್3ನಲ್ಲಿ ಲಿನಕ್ಸ್ (ಕಂಪ್ಯೂಟರ್‌ಗೆ ಹಾಕೋ ಆಪರೇಟಿಂಗ್ ಸಿಸ್ಟಮ್) ಹಾಕಿಕೊಳ್ಳಬಹುದು ಅಂತ ಹೇಳಿಯೇ ಮಾರಿದ್ದರು. 2010ರ ಏಪ್ರಿಲ್ 1ರಂದು 3.21 ಅಪ್‌ಡೇಟ್ ಕೊಟ್ಟು ಆ ಸೌಲಭ್ಯ ಕಿತ್ತುಕೊಂಡರು. ಏಪ್ರಿಲ್ ಫೂಲ್ ಅಲ್ಲ, ನಿಜಾನೇ. ಅಪ್‌ಡೇಟ್ ಬೇಡ ಅಂದರೆ ಆನ್‌ಲೈನ್ ಆಟ ಬಂದ್. ಅಮೆರಿಕದಲ್ಲಿ ಕೇಸ್ ವರ್ಷಗಟ್ಟಲೆ ನಡೆದು ಕೊನೆಗೆ ಪರಿಹಾರಕ್ಕೆ ಒಪ್ಪಿಕೊಂಡರು, ಲಿನಕ್ಸ್ ಮಾತ್ರ ವಾಪಸ್ ಬರಲಿಲ್ಲ.

ಎಲ್ಲ ಕಂಪನಿಗಳೂ ಹೀಗೇ ಅಲ್ವಾ ಮಾರಾಯ ಅಂತಾನೆ ಗೆಳೆಯ. ಹೌದು, ನಿಂಟೆಂಡೋ ಕೂಡ 2023ರಲ್ಲಿ ತನ್ನ 3ಡಿಎಸ್ ಕನ್ಸೋಲ್‌ನ ಸ್ಟೋರ್ ಮುಚ್ಚಿತು. ಆದರೆ ವಿಡಿಯೋದಲ್ಲಿ ಡಿಸ್ಕ್ ಕೈಗಿಟ್ಟು ಪಕ್ಕದ ಮನೆಯ ಮೈಕ್ರೋಸಾಫ್ಟ್‌ನವರನ್ನು ಆಡಿಕೊಂಡಿದ್ದು ಸೋನಿಯವರು.

ಹಾಗಂತ ಕನ್ಸೋಲ್ ಮಾರಿಲ್ಲ. ಪ್ರೀ-ಆರ್ಡರ್ ನಿಲ್ಲಿಸಿದ್ದೇನೆ. ಡಿಸ್ಕ್ ಸಿಕ್ಕರೆ ಡಿಸ್ಕ್, ಅದೂ ಆದಷ್ಟು ಸೆಕೆಂಡ್ ಹ್ಯಾಂಡ್. ಗಾಡ್ ಆಫ್ ವಾರ್, ಸ್ಪೈಡರ್‌ಮ್ಯಾನ್ ಎಲ್ಲ ತಡವಾಗಿಯಾದರೂ ಪಿಸಿಗೆ ಬಂದವು, ಹಾಗೆ ಬರೋದಿದ್ದರೆ ಕಾಯುತ್ತೇನೆ. ಮುಂದಿನ ಪ್ಲೇಸ್ಟೇಷನ್‌ನಲ್ಲಿ ಡ್ರೈವ್ ಇಲ್ಲ ಅಂದರೆ ಆ ದುಡ್ಡು ಪಿಸಿಯ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುತ್ತೆ.