ಎರರ್ 5ರ ಬೆನ್ನು ಹತ್ತಿ

ನನ್ನ ನಾಣ್ಯ ಸಂಗ್ರಹದ ಡೇಟಾಬೇಸಿನ ಮೊದಲ ಪೂರ್ಣ ಬ್ಯಾಕಪ್ ನಿನ್ನೆ ರಾತ್ರಿ ಕೊನೆಗೂ ಕೈಸೇರಿತು. ಟೇಬಲ್‌ಗಳ ರಚನೆಯೂ ಚಿತ್ರಗಳ ಸೇರ್ಪಡೆಯೂ ಸರಾಗವಾಗಿ ಮುಗಿದಿದ್ದವು. ಮೂರು ಸಂಜೆಗಳನ್ನು ನುಂಗಿದ್ದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರಿನ 3201ನೇ ಸಂದೇಶ, ಅದರೊಳಗಿನ ‘ಆಪರೇಟಿಂಗ್ ಸಿಸ್ಟಮ್ ಎರರ್ 5, ಆಕ್ಸೆಸ್ ಈಸ್ ಡಿನೈಡ್’, ಅಂದರೆ ಅನುಮತಿ ಇಲ್ಲ, ಎಂಬ ಸಾಲು.

ಬ್ಯಾಕಪ್ ಇಡಲೆಂದು ಡಿ ಡ್ರೈವಿನಲ್ಲಿ ಫೋಲ್ಡರನ್ನು ರಚಿಸಿದವನು ನಾನೇ. ಅದರಲ್ಲಿ ಫೈಲ್ ಬರೆಯಲು, ಅಳಿಸಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ಸರ್ವರಿಗೆ ಆದೇಶ ಕೊಡುವ ಮ್ಯಾನೇಜ್‌ಮೆಂಟ್ ಸ್ಟುಡಿಯೋವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದರೂ ಅದೇ ಉತ್ತರ ಬಂದಿತು. ಹೊಸದಾಗಿ ಕೊಂಡ ಪೆನ್‌ಡ್ರೈವಿಗೆ ಮಾತ್ರ ಬ್ಯಾಕಪ್ ಒಂದೇ ಏಟಿಗೆ ಇಳಿದದ್ದರಿಂದ, ಡಿ ಡ್ರೈವೇ ಕೆಟ್ಟಿದೆಯೆಂದು ನಂಬಿ ಒಂದು ಸಂಜೆಯನ್ನು ಡಿಸ್ಕ್ ತಪಾಸಣೆಯಲ್ಲಿ ಕಳೆದೆ. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿತ್ತು. ಡಿ ಡ್ರೈವಿನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಬಳಕೆದಾರರಿಗೆ ತಕ್ಕ ಅನುಮತಿಗಳಿರುತ್ತವೆ, ಎಕ್ಸ್‌ಫ್ಯಾಟ್‌ನಲ್ಲಿ ಅವು ಇರುವುದೇ ಇಲ್ಲ. ಮಾರಾಟಗಾರರು ‘ಎಕ್ಸ್‌ಫ್ಯಾಟ್’ ಎಂಬ ಆ ಒಂದು ಪದವನ್ನು ಡಬ್ಬಿಯ ಮೇಲೆ ಮುದ್ರಿಸಿದ್ದರೆ ಆ ಸಂಜೆ ಉಳಿಯುತ್ತಿತ್ತು.

ಬ್ಯಾಕಪ್ ಆದೇಶವನ್ನು ಕೊಡುವವರು ನಾವಾದರೂ ಫೈಲನ್ನು ತೆರೆದು ಬರೆಯುವುದು ಹಿನ್ನೆಲೆಯಲ್ಲಿ ಓಡುವ ಸರ್ವರಿನ ಸರ್ವೀಸ್, ಅದೂ ತನ್ನದೇ ಖಾತೆಯ ಹೆಸರಿನಲ್ಲಿ. ಹೀಗಾಗಿ ನನ್ನ ಅಧಿಕಾರ ಎಷ್ಟಿದ್ದರೂ ಅಲ್ಲಿ ಉಪಯೋಗವಿಲ್ಲ. ನಾನು ಬಳಸುವ ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ಆ ಖಾತೆಯ ಹೆಸರು ‘ಎನ್‌ಟಿ ಸರ್ವೀಸ್’ ಎಂದು ಆರಂಭವಾಗಿ, ನಡುವೆ ಡಾಲರ್ ಚಿಹ್ನೆಯೊಂದಿಗೆ ಇನ್‌ಸ್ಟನ್ಸ್ (ಸ್ಥಾಪಿಸಿದ ಸರ್ವರ್ ಪ್ರತಿ) ಹೆಸರಿನಲ್ಲಿ ಕೊನೆಯಾಗುತ್ತದೆ. ಫೋಲ್ಡರಿನ ಸೆಕ್ಯುರಿಟಿ ಟ್ಯಾಬಿನಲ್ಲಿ ಅದು ಪಟ್ಟಿಯಿಂದ ಸಿಗಲಿಲ್ಲ. ಪೂರ್ಣ ಹೆಸರನ್ನೇ ಟೈಪ್ ಮಾಡಿ ‘ಮಾಡಿಫೈ’ (ಬರೆಯುವ, ಬದಲಿಸುವ) ಅನುಮತಿ ಕೊಟ್ಟೆ.

ಆದರೂ ಎರರ್ 5 ಹೋಗಲಿಲ್ಲ! ಆದೇಶವನ್ನು ಅಕ್ಷರ ಅಕ್ಷರವಾಗಿ ಓದಿದಾಗ, ಪ್ರಯೋಗಗಳ ನಡುವೆ ಮಾರ್ಗದ ಕೊನೆಯಲ್ಲಿದ್ದ ಫೈಲ್ ಹೆಸರನ್ನು ಅಳಿಸಿಬಿಟ್ಟಿದ್ದು ಕಂಡಿತು. ಫೋಲ್ಡರನ್ನೇ ಫೈಲ್ ಎಂದುಕೊಂಡು ತೆರೆಯಲು ಹೋದ ಸರ್ವರಿಗೆ ವಿಂಡೋಸ್ ಕೊಡುವುದೂ ಇದೇ 5ನೇ ಸಂಖ್ಯೆಯ ನಿರಾಕರಣೆಯನ್ನು. ಎರಡು ಬೇರೆ ಕಾಯಿಲೆಗಳಿಗೆ ಒಂದೇ ಲಕ್ಷಣವೆಂಬುದು ನನ್ನನ್ನು ಅತಿಯಾಗಿ ಕಾಡಿದ ಸಂಗತಿ. ಕೊನೆಗೆ ‘ನಾಣ್ಯ ಡಾಟ್ ಬ್ಯಾಕ್’ ಎಂದು ಸೇರಿಸಿದೆ, ಕೆಲಸ ಕೈಗೂಡಿತು.

ಬ್ಯಾಕಪ್ ಫೈಲನ್ನು ಪರೀಕ್ಷಿಸುವ ‘ರಿಸ್ಟೋರ್ ವೆರಿಫೈಓನ್ಲಿ’ ಆದೇಶ ಒಪ್ಪಿಕೊಂಡರೂ ನನಗೆ ಸಮಾಧಾನವಾಗಿಲ್ಲ. ಬೇರೆ ಹೆಸರಿನಲ್ಲಿ ಮರುಸ್ಥಾಪಿಸಿ ನಾಣ್ಯಗಳ ಚಿತ್ರಗಳನ್ನು ತೆರೆದು ನೋಡಬೇಕಿದೆ. ಆನಂತರದ ಯೋಜನೆ ರಾತ್ರಿಯ ಬ್ಯಾಕಪ್. ಎಕ್ಸ್‌ಪ್ರೆಸ್‌ನಲ್ಲಿ ಕೆಲಸಗಳನ್ನು ಸಮಯಕ್ಕೆ ನಡೆಸುವ ಏಜೆಂಟ್ ಇಲ್ಲದ ಕಾರಣ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಿಂದ, ಸರ್ವರಿಗೆ ಆದೇಶ ಕಳಿಸುವ ಎಸ್‌ಕ್ಯೂಎಲ್‌ಸಿಎಂಡಿಯನ್ನು ಓಡಿಸುವೆ. ಫೈಲ್ ಹೆಸರಿಗೆ ದಿನಾಂಕ ಸೇರಿಸುವ ನಾಲ್ಕು ಸಾಲುಗಳನ್ನು ಈಗಾಗಲೇ ಬರೆದಿಟ್ಟಿದ್ದೇನೆ.