ಹಂಪಿನ ಮೇಲೆ ತಳ ಉಜ್ಜಿದರೆ ಸ್ಪ್ರಿಂಗ್ ಬದಲಾಯಿಸಬೇಕಾ, ಶಾಕಪ್ಸರಾ?

ಹಳೇ ಆಲ್ಟೊ ಇಟ್ಟುಕೊಂಡು, ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ಕೆಲಸ ಮಾಡಿಸುವವನು ಅಂತ ಗೊತ್ತಾದ ಮೇಲೆ ಮಂಡ್ಯದಲ್ಲಿ ಎಲ್ಲರೂ ನನಗೆ ಕೇಳುವುದು ಒಂದೇ. "ಅಣ್ಣ, ಹಂಪಲ್ಲಿ ಗಾಡಿ ತಳ ಉಜ್ತದೆ. ನಾಲ್ಕೂ ಶಾಕಪ್ಸರ್ ಹೋಗಿದೆ ಅಂತಾರೆ. ಜೊತೆಗೆ ಗಟ್ಟಿ ಸ್ಪ್ರಿಂಗೂ ಹಾಕಿಸಿಬಿಡ್ಲಾ? ಯಾವ ಕಂಪನಿದು ಒಳ್ಳೇದು?"

ನಾನು ತಿರುಗಿ ಕೇಳುತ್ತೇನೆ: ಒಬ್ಬನೇ ಹೋದಾಗಲೂ ಉಜ್ಜುತ್ತದಾ, ಇಲ್ಲಾ ಮನೆಯವರೆಲ್ಲ ಕೂತಾಗ ಮಾತ್ರವಾ?

ಆಲ್ಟೊ 800ರ ತೂಕವೇ ಸುಮಾರು 700 ಕೇಜಿ. ಬೀಗರೂಟಕ್ಕೆ ಅಂತ ಐದು ಜನ ದೊಡ್ಡವರು ಹತ್ತಿದರೆ 300 ಕೇಜಿ ದಾಟಿತು. ವಾಪಸ್ ಬರುವಾಗ ಡಿಕ್ಕಿಯಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ ಬೇರೆ. ಗಾಡಿಯ ಅರ್ಧ ತೂಕವನ್ನು ಗಾಡಿಯ ಮೇಲೇ ಹೇರಿದ ಲೆಕ್ಕ. ನೆಲದಿಂದ ತಳಕ್ಕೆ ಕಂಪನಿ ಕೊಟ್ಟಿರುವುದು 160 ಮಿಲಿಮೀಟರ್, ಅದೂ ಖಾಲಿ ಇದ್ದಾಗ. ಇನ್ನು ಹಂಪು. ರಸ್ತೆ ನಿಯಮದ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ನಿಧಾನಕ್ಕೆ ಏರಿ ಇಳಿಯುವ ಹಾಗೆ. ನಮ್ಮೂರ ಕಡೆ ಹಾಕಿರುವುದು ಮೋಟು ಗೋಡೆ. ಅಲ್ಲಿ ಶೋರೂಮಿನಿಂದ ಈಗಷ್ಟೇ ಇಳಿದ ಗಾಡಿಯೂ ಉಜ್ಜುತ್ತದೆ. ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಒಬ್ಬರೇ ಇದ್ದಾಗಲೂ ಉಜ್ಜಿದರೆ ನೋಡಬೇಕು. ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತ ನಿಲ್ಲಿಸುವುದು ಶಾಕಪ್ಸರ್. ಹೊಸ ಶಾಕಪ್ಸರ್ ಹಾಕಿದರೆ ಗಾಡಿ ಎದ್ದು ನಿಲ್ಲುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ನಿಲ್ಲುವುದಿಲ್ಲ. ಹಂಪಿನ ನೆತ್ತಿಯ ಮೇಲೇ ತಳ ಉಜ್ಜಿದರೆ ಎತ್ತರ ಕಮ್ಮಿಯಾಗಿದೆ, ಅನುಮಾನ ಸ್ಪ್ರಿಂಗ್ ಮೇಲೆ. ಹಂಪು ದಾಟಿ ಇಳಿದ ಮೇಲೆ ಎರಡು ಮೂರು ಸಲ ಎದ್ದು ಬಿದ್ದು, ಆಮೇಲೆ ಬಡಿದರೆ ಅನುಮಾನ ಶಾಕಪ್ಸರ್ ಮೇಲೆ.

ಸ್ಪ್ರಿಂಗ್ ನೋಡುವುದು ಸುಲಭ. ಸಮ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ, ಟೈರುಗಳ ಗಾಳಿ ಸರಿ ಮಾಡಿ, ಚಕ್ರದ ನಡುಮಧ್ಯದಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಟೇಪು ಹಿಡಿಯಿರಿ. ಎಡಕ್ಕೂ ಬಲಕ್ಕೂ ಒಂದು ಬೆರಳಿಗಿಂತ ಜಾಸ್ತಿ ವ್ಯತ್ಯಾಸ ಬಂತಾ, ಟಾರ್ಚ್ ಹಾಕಿ ಕೆಳಗಿನ ಸುತ್ತು ನೋಡಿ. ನಾಲೆ ಏರಿ ಮೇಲೆ ಓಡಾಡುವ ಗಾಡಿಗಳಿಗೆ ಆ ಸುತ್ತು ಕೂರುವ ಬಟ್ಟಲಿನಲ್ಲಿ ಕೆಸರು ಕೂತು, ಬಣ್ಣ ಎದ್ದು, ತುಕ್ಕು ಹಿಡಿದು, ಅಲ್ಲೇ ಮುರಿಯುತ್ತದೆ. ಮುರಿದ ತುಂಡು ಎಷ್ಟೋ ಸಲ ಬೀಳದೆ ಅಲ್ಲೇ ಕೂತಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ಟಣ್ ಅನ್ನುವುದೊಂದೇ ಸುಳಿವು.

ಶಾಕಪ್ಸರ್ ಮೇಲೆ ಧೂಳು ಅಂಟಿದ ಸಣ್ಣ ಎಣ್ಣೆ ಬೆವರು ಕಂಡರೆ ಗಾಬರಿ ಬೇಡ. ಒದ್ದೆಯಾಗಿ ಇಳಿಯುತ್ತಿದ್ದರೆ ಅದು ಮುಗಿಯಿತು. ಬಿಚ್ಚಿದ ಮೇಲೆ ನೀವೇ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನೆಟ್ಟಗೆ ನಿಲ್ಲಿಸಿ ರಾಡನ್ನು ಒತ್ತಿ. ಒಳ್ಳೆಯದು ಉದ್ದಕ್ಕೂ ಒಂದೇ ಸಮ ತಡೆಯುತ್ತದೆ, ಗ್ಯಾಸ್ ತುಂಬಿದ್ದಾದರೆ ಕೈ ಬಿಟ್ಟಾಗ ನಿಧಾನಕ್ಕೆ ತಾನೇ ಮೇಲೇಳುತ್ತದೆ. ಸತ್ತದ್ದು ಸೈಕಲ್ ಪಂಪಿನ ಹಾಗೆ ಸರಕ್ಕನೆ ಇಳಿದು, ನಡುವೆ ಎಲ್ಲೋ ಖಾಲಿ ಬಡಿದು, ಕೆಳಗೇ ಉಳಿಯುತ್ತದೆ.

ಈಗ ಗಟ್ಟಿ ಸ್ಪ್ರಿಂಗ್ ವಿಚಾರ. ನನ್ನ ಉತ್ತರ: ಬೇಡ. ಸ್ಪ್ರಿಂಗಿನ ಬಿಗಿ ಅದರ ಸರಳಿನ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಸರಳು ನೂರಕ್ಕೆ 10ರಷ್ಟು ದಪ್ಪವಾದರೆ ಬಿಗಿ ನೂರಕ್ಕೆ 46ರಷ್ಟು ಜಾಸ್ತಿ. ಕಣ್ಣಿಗೆ ಒಂದೇ ಥರ ಕಾಣುತ್ತದೆ, ಒಬ್ಬರೇ ಹೋಗುವಾಗ ಸೊಂಟಕ್ಕೆ ಗೊತ್ತಾಗುತ್ತದೆ. ಅಷ್ಟು ಬಿಗಿಯನ್ನು ಹಿಡಿದಿಡಲು ಮಾಮೂಲಿ ಶಾಕಪ್ಸರಿಗೆ ಆಗುವುದಿಲ್ಲ, ಗಾಡಿ ಗುಂಡಿ ಗುಂಡಿಗೂ ಎಗರುತ್ತದೆ. ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಕೂಡ ಇದೇ ಜಾತಿ. ಒಂದು ಸುತ್ತನ್ನು ಕೆಲಸ ಮಾಡದ ಹಾಗೆ ಕಟ್ಟಿಹಾಕಿ ಉಳಿದವಕ್ಕೆ ಹೊರೆ ಹಾಕುತ್ತದೆ. ಇನ್ನು ಸ್ಪ್ರಿಂಗ್ ಕಟ್ ಮಾಡಿಸಿ ಗಾಡಿ ತಗ್ಗಿಸುವ ಹುಡುಗರ ಬಗ್ಗೆ ನಾನೇನೂ ಹೇಳುವುದಿಲ್ಲ, ಅವರು ನನ್ನನ್ನು ಕೇಳುವುದೂ ಇಲ್ಲ.

ಒಂದು ಕಡೆ ಮಾತ್ರ ಬಿಗಿ ಸ್ಪ್ರಿಂಗ್ ನ್ಯಾಯ. ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಕಬ್ಬಿಣದ ಸಿಲಿಂಡರ್ ಡಿಕ್ಕಿಯಲ್ಲಿ ಯಾವಾಗಲೂ ಕೂತೇ ಇರುತ್ತದೆ. ಕಂಪನಿಯೇ ಮಾಡುವ ಸಿಎನ್‌ಜಿ ಗಾಡಿಗಳಿಗೆ ಸಸ್ಪೆನ್ಷನ್ ಆ ತೂಕಕ್ಕೆ ಹೊಂದಿಸಿರುತ್ತಾರೆ. ನಿಮ್ಮ ಮಾಡೆಲ್‌ನಲ್ಲಿ ಸಿಎನ್‌ಜಿ ಬಂದಿದ್ದರೆ ಅದರ ಹಿಂದಿನ ಸ್ಪ್ರಿಂಗನ್ನೇ ಕೇಳಿ ವಿಚಾರಿಸಿ.

ಕಂಪನಿ ವಿಷಯದಲ್ಲಿ ನನಗೆ ಹೆಚ್ಚು ಹಟ ಇಲ್ಲ. ಮಾರುತಿ ಒರಿಜಿನಲ್ ಸಿಕ್ಕರೆ ಅದು. ಇಲ್ಲದಿದ್ದರೆ ಗೇಬ್ರಿಯಲ್, 1961ರಿಂದ ಇರುವ ಕಂಪನಿ, ಮಂಡ್ಯದಲ್ಲಿ ಸಿಗದಿದ್ದರೆ ಮೈಸೂರಿನಲ್ಲಿ ಸಿಗುತ್ತದೆ. ಹೆಸರಿಗಿಂತ ಪಾರ್ಟ್ ನಂಬರ್ ಮುಖ್ಯ. ಆರ್‌ಸಿ ತೆಗೆದುಕೊಂಡು ಹೋಗಿ, ಚಾಸಿ ನಂಬರ್ ಕೊಟ್ಟು, ಬಿಲ್ ಹಾಕಿಸಿ ತಗೊಳ್ಳಿ. ಬಿಲ್ ಬೇಡ ಅಂದರೆ ಕಮ್ಮಿ ಮಾಡಿಕೊಡ್ತೀನಿ ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

ನಾಲ್ಕೂ ಒಟ್ಟಿಗೆ ಬೇಕಿಲ್ಲ, ಆದರೆ ಜೋಡಿಯಾಗಿ ಬದಲಾಯಿಸಿ. ಮುಂದಿನ ಎರಡು, ಇಲ್ಲಾ ಹಿಂದಿನ ಎರಡು. ಒಂದು ಕಡೆ ಹೊಸದು, ಒಂದು ಕಡೆ ಹಳೇದು ಇದ್ದರೆ ಬ್ರೇಕ್ ಹೊಡೆದಾಗ ಗಾಡಿ ಓಲಾಡುತ್ತದೆ. ಮುಂದಿನದು ಬಿಚ್ಚಿದಾಗ ಮೇಲಿನ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪರ್, ಧೂಳು ತಡೆಯುವ ರಬ್ಬರ್ ಎಲ್ಲಾ ಆಗಲೇ ನೋಡಿ. ಮೌಂಟಿಂಗ್ ಹಳೇದೇ ಬಿಟ್ಟರೆ ಅದೇ ಕಟಕಟ ಸದ್ದು, ಅದೇ ಕೂಲಿ ಎರಡನೇ ಸಲ. ಸ್ಪ್ರಿಂಗ್ ಬಿಚ್ಚಲು ಅದನ್ನು ಒತ್ತಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಹಗ್ಗ ಕಟ್ಟಿ ಏನೋ ಮಾಡ್ತೀನಿ ಅನ್ನುವವರ ಹತ್ತಿರ ಮಾಡಿಸಬೇಡಿ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಕೈಯೋ ಮುಖವೋ ಹೋಗುತ್ತದೆ.

ಹಿಂದಿನ ಕೀಲುಗಳಲ್ಲಿರುವ ರಬ್ಬರ್ ಬುಶ್‌ಗಳ ಬೋಲ್ಟನ್ನು ಗಾಡಿ ಜಾಕ್ ಮೇಲೆ ಇರುವಾಗ ಪೂರ್ತಿ ಬಿಗಿಯಲು ಬಿಡಬೇಡಿ. ಚಕ್ರ ನೆಲಕ್ಕೆ ಇಳಿದು, ಭಾರ ಬಿದ್ದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮುಂದಿನದು ಬಿಚ್ಚಿಸಿದ್ದರೆ ಎಕ್ಸ್‌ಪ್ರೆಸ್‌ವೇ ಹತ್ತುವ ಮುಂಚೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ನಾಳೆ ನೋಡೋಣ ಅಂತ ಬಿಟ್ಟರೆ ಟೈರು ಒಂದು ಪಕ್ಕ ತಿಂದುಕೊಂಡು ಹೋಗುತ್ತದೆ, ಆ ಖರ್ಚಿನ ಮುಂದೆ ಶಾಕಪ್ಸರ್ ಬಿಲ್ಲೇ ವಾಸಿ ಅನ್ನಿಸುತ್ತದೆ.